ಟೀಚರ್ ಸಿಗಲಿಲ್ಲ ಎಂಬ ಉತ್ತರ: ಹವಾಯಿ ಭಾಷೆಯ ಒಂದು ಪ್ರಕರಣ

ಇದು ಒಬ್ಬ ತಾಯಿ ಮತ್ತು ಅವರ ಇಬ್ಬರು ಮಕ್ಕಳ ವಿಷಯ. ಜಾಗ ಅಮೆರಿಕದ ಹವಾಯಿ ರಾಜ್ಯ. ಮಕ್ಕಳು ಒಂದು ದ್ವೀಪದಲ್ಲಿ ಹವಾಯಿ ಮಾಧ್ಯಮದ ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ಆಮೇಲೆ ಸಂಸಾರ ಇನ್ನೊಂದು ಚಿಕ್ಕ ದ್ವೀಪಕ್ಕೆ ಬಂತು. ಅಲ್ಲಿದ್ದದ್ದು ಒಂದೇ ಸರ್ಕಾರಿ ಶಾಲೆ, ಅದೂ ಇಂಗ್ಲಿಷ್ ಮಾಧ್ಯಮ. ತಾಯಿ ಕೇಳಿದ್ದು ಇಷ್ಟೇ: ನನ್ನ ಮಕ್ಕಳು ಇಲ್ಲಿಯವರೆಗೆ ಕಲಿತ ಭಾಷೆಯಲ್ಲೇ ಮುಂದೆಯೂ ಕಲಿಯಬೇಕು, ವ್ಯವಸ್ಥೆ ಮಾಡಿಕೊಡಿ. ಬಂದ ಉತ್ತರ: ಟೀಚರ್ ಸಿಗುತ್ತಿಲ್ಲ.

2014ರಲ್ಲಿ ಆಕೆ ಕೋರ್ಟಿಗೆ ಹೋದರು. 2019ರ ಆಗಸ್ಟ್‌ನಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಭಾಷೆ ಉಳಿಸುತ್ತೇವೆ ಎಂದು ಸರ್ಕಾರವೊಂದು ಬರೆದುಕೊಟ್ಟ ಮಾತಿಗೆ ನಿಜವಾಗಿ ಎಷ್ಟು ತೂಕ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಕೋರ್ಟ್ ದಾಖಲೆ ಎಲ್ಲರಿಗೂ ತೆರೆದೇ ಇದೆ. ಆದರೂ ಆ ಮನೆಯವರ ಹೆಸರು, ದ್ವೀಪದ ಹೆಸರು ಇಲ್ಲಿ ಹಾಕುತ್ತಿಲ್ಲ. ಮಕ್ಕಳ ವಿಷಯ, ಅಷ್ಟು ಮರೆ ಇರಲಿ.

ಹಿನ್ನೆಲೆ

ಹವಾಯಿ ಒಂದು ಕಾಲದಲ್ಲಿ ಸ್ವತಂತ್ರ ರಾಜ್ಯ, ಅಲ್ಲಿ ರಾಜ, ರಾಣಿಯರಿದ್ದರು. ಅಲ್ಲಿನ ಭಾಷೆಗೆ ಅಕ್ಷರ ಬಂದಿದ್ದು 1820ರ ದಶಕದಲ್ಲಿ. ಆಮೇಲೆ ಆ ಜನ ಓದಿದ್ದು, ಬರೆದದ್ದು ನೋಡಿದರೆ ಬೆರಗಾಗುತ್ತದೆ. 1834ರಿಂದ 1948ರವರೆಗೆ ಹವಾಯಿ ಭಾಷೆಯಲ್ಲಿ ಸುಮಾರು ನೂರು ಪತ್ರಿಕೆಗಳು ಬಂದವು. ಒಂದು ಲಕ್ಷಕ್ಕೂ ಹೆಚ್ಚು ಪುಟ. ಕೋರ್ಟಿನಲ್ಲಿ, ಶಾಸನಸಭೆಯಲ್ಲಿ, ಶಾಲೆಯಲ್ಲಿ ಅದೇ ಮಾತು ನಡೆಯುತ್ತಿತ್ತು. ಅಂದರೆ ಇದು ಸುಮ್ನೆ ಅಡುಗೆಮನೆಯಲ್ಲಿ ಉಳಿದುಕೊಂಡಿದ್ದ ಮಾತಲ್ಲ, ರಾಜ್ಯ ನಡೆಸಿದ ಭಾಷೆ.

1893ರ ಜನವರಿಯಲ್ಲಿ ರಾಣಿಯನ್ನು ಪಟ್ಟದಿಂದ ಇಳಿಸಲಾಯಿತು. ಮೂರೇ ವರ್ಷಕ್ಕೆ, 1896ರಲ್ಲಿ, ಹೊಸ ಸರ್ಕಾರ ಶಾಲೆಗಳ ಬಗ್ಗೆ ಒಂದು ಕಾನೂನು ತಂತು. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯಿತು. ಆ 1896ರ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರಲ್ಲಿ ಹವಾಯಿ ಭಾಷೆಯನ್ನು ನಿಷೇಧಿಸಿದ್ದೇವೆ ಎಂಬ ಸಾಲು ಎಲ್ಲೂ ಇಲ್ಲ. ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಶಾಲೆಗಳಲ್ಲೂ ಇಂಗ್ಲಿಷೇ ಮಾಧ್ಯಮ, ಹಾಗೆ ನಡೆಯದ ಶಾಲೆಗೆ ಮಾನ್ಯತೆ ಇಲ್ಲ ಎಂದಷ್ಟೇ ಇತ್ತು. ಅಷ್ಟೇ ಸಾಕಾಯಿತು. ಶಾಲೆಯಲ್ಲಿ ಹವಾಯಿ ಆಡಿದರೆ ಪೆಟ್ಟು ಬೀಳುತ್ತಿತ್ತು ಎಂದು ಹಿರಿಯರು ಮುಂದೆ ನೆನಪಿಸಿಕೊಂಡಿದ್ದಾರೆ. ಮಕ್ಕಳಿಗೆ ಪೆಟ್ಟು ಬೀಳುತ್ತದೆ ಎಂದಾಗ ಅಪ್ಪ ಅಮ್ಮ ಏನು ಮಾಡುತ್ತಾರೆ? ಮಕ್ಕಳ ಹತ್ತಿರ ಆ ಮಾತು ಆಡುವುದನ್ನೇ ಬಿಟ್ಟರು. 1980ರ ದಶಕದ ಶುರುವಿಗೆ, 18 ವರ್ಷದೊಳಗಿನವರಲ್ಲಿ ಹವಾಯಿಯನ್ನು ಸರಾಗವಾಗಿ ಆಡುವವರು 50 ಮಂದಿಯೂ ಇಲ್ಲ ಎಂಬ ಅಂದಾಜು ಬಂತು. ನಿಇಹೌ ಎಂಬ ಪುಟ್ಟ ಖಾಸಗಿ ದ್ವೀಪವೊಂದರಲ್ಲಿ ಮಾತ್ರ ಅದು ಮನೆಮಾತಾಗಿ ಉಳಿದಿತ್ತು.

1978ರಲ್ಲಿ ರಾಜ್ಯದ ಸಂವಿಧಾನ ತಿದ್ದುಪಡಿಯಾಯಿತು. ಭಾಷೆಯ ಮಾತು ಎರಡು ಕಡೆ ಬಂತು. ಒಂದು ಕಡೆ, ಇಂಗ್ಲಿಷ್ ಮತ್ತು ಹವಾಯಿ ಎರಡೂ ಅಧಿಕೃತ ಭಾಷೆಗಳು ಎಂದರು. ಅದರ ಬೆನ್ನಿಗೇ ಒಂದು ಷರತ್ತು ಸೇರಿಸಿದರು: ಸರ್ಕಾರಿ ವ್ಯವಹಾರದಲ್ಲಿ ಹವಾಯಿ ಕಡ್ಡಾಯವಾಗುವುದು ಕಾನೂನು ಹೇಳಿದ ಕಡೆ ಮಾತ್ರ. ಇನ್ನೊಂದು ಕಡೆ, ಹವಾಯಿಯ ಸಂಸ್ಕೃತಿ, ಚರಿತ್ರೆ, ಭಾಷೆಯ ಕಲಿಕೆಯನ್ನು ರಾಜ್ಯ ಪ್ರೋತ್ಸಾಹಿಸಬೇಕು, ಸರ್ಕಾರಿ ಶಾಲೆಗಳಲ್ಲಿ ಅದಕ್ಕೊಂದು ಶಿಕ್ಷಣ ಕಾರ್ಯಕ್ರಮ ಇರಬೇಕು ಎಂದರು. ನಮ್ಮ ಪ್ರಕರಣ ನಿಂತಿರುವುದು ಈ ಎರಡನೇ ಮಾತಿನ ಮೇಲೆ.

ಸಂವಿಧಾನ ಹೀಗೆ ಬದಲಾದರೂ ಶಾಲೆಯ ಹಳೇ ಕಾನೂನು ಹಾಗೇ ಇತ್ತು. ಅಧಿಕೃತ ಭಾಷೆ ಹೌದು, ಆದರೆ ಅದರಲ್ಲಿ ಪಾಠ ಮಾಡುವಂತಿಲ್ಲ. ಈ ಸ್ಥಿತಿ ಇನ್ನೂ ಎಂಟು ವರ್ಷ ನಡೆಯಿತು. ಗಂಟು ಬಿಚ್ಚಿದ್ದು ತಂದೆತಾಯಂದಿರು ಮತ್ತು ಕೆಲವು ಮೇಷ್ಟ್ರುಗಳು. ನ್ಯೂಜಿಲೆಂಡಿನ ಮಾವೊರಿ ಜನ ಶಿಶುವಿಹಾರಗಳಲ್ಲಿ ತಮ್ಮ ಭಾಷೆ ಮಾತ್ರ ಬಳಸುವುದನ್ನು ನೋಡಿ, 1983ರಲ್ಲಿ ಇವರೂ ಒಂದು ಸಂಸ್ಥೆ ಕಟ್ಟಿದರು. ಪೂನನ ಲೆಯೊ, ಅಂದರೆ ದನಿಯ ಗೂಡು. ಮೊದಲ ಶಿಶುವಿಹಾರ 1984ರಲ್ಲಿ ಕವಾಯಿ ದ್ವೀಪದ ಕೆಕಹ ಊರಲ್ಲಿ ಶುರುವಾಯಿತು. ಅಲ್ಲೂ ಕಾನೂನು ಅಡ್ಡ ಬಂತು. ಭಾಷೆ ಚೆನ್ನಾಗಿ ಬರುವವರೆಂದರೆ ಅಜ್ಜ ಅಜ್ಜಿಯರು, ಅವರ ಹತ್ತಿರ ಶಿಶುಶಿಕ್ಷಣದ ಸರ್ಟಿಫಿಕೇಟ್ ಇಲ್ಲ! 1986ರಲ್ಲಿ ಶಾಸನಸಭೆ ಆ ನಿಯಮದಿಂದ ವಿನಾಯಿತಿ ಕೊಟ್ಟಿತು. ಅದೇ ವರ್ಷ ಹವಾಯಿ ಮಾಧ್ಯಮಕ್ಕಿದ್ದ ಅಡ್ಡಿಯನ್ನೂ ತೆಗೆಯಿತು. 1896ರಿಂದ ಲೆಕ್ಕ ಹಾಕಿದರೆ ಸರಿಯಾಗಿ 90 ವರ್ಷ.

1987ರಲ್ಲಿ ಎರಡು ಸರ್ಕಾರಿ ಶಾಲೆಗಳಲ್ಲಿ ಪ್ರಯೋಗ ಶುರುವಾಯಿತು: ಹೀಲೊ ಊರಿನ ಕೆಯೌಕಹ, ಓವಾಹು ದ್ವೀಪದ ವೈಯೌ. ಪಾಠಪುಸ್ತಕ ಇರಲಿಲ್ಲ. ತಂದೆತಾಯಂದಿರು, ಟೀಚರುಗಳು ಇಂಗ್ಲಿಷ್ ಪುಸ್ತಕ ತರುತ್ತಿದ್ದರು. ಸಾಲುಗಳನ್ನು ಹವಾಯಿಗೆ ತಿರುಗಿಸಿ, ಕಾಗದದ ಚೂರುಗಳಾಗಿ ಕತ್ತರಿಸಿ, ಇಂಗ್ಲಿಷ್ ಸಾಲುಗಳ ಮೇಲೆ ಗೋಂದು ಹಾಕಿ ಅಂಟಿಸುತ್ತಿದ್ದರು. ಚಿತ್ರ ಹಳೆಯದೇ, ಕೆಳಗಿನ ಮಾತು ಮಾತ್ರ ಹೊಸದು. ಹೊಸ ಪದಗಳಿಗೂ ಒಂದು ಸಮಿತಿ ಕೂತಿತು. ಕಂಪ್ಯೂಟರ್‌ಗೆ ಅವರ ಮಾತು ಲೊಲೊಉಯಿಲ. ಲೊಲೊ ಅಂದರೆ ಮಿದುಳು, ಉಯಿಲ ಅಂದರೆ ಮಿಂಚು, ವಿದ್ಯುತ್ತು.

ಕನ್ನಡದವರಿಗೆ ಈ ಭಾಷೆಯ ಒಂದು ಗುಣ ತಕ್ಷಣ ಹಿಡಿಸುತ್ತದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಹಾಗೆ ಅವರಿಗೂ ಹ್ರಸ್ವ ದೀರ್ಘ ಬಹಳ ಮುಖ್ಯ. ಕುಪುನ ಅಂದರೆ ಒಬ್ಬ ಹಿರಿಯರು, ಅಜ್ಜ ಅಥವಾ ಅಜ್ಜಿ. ಕೂಪುನ ಅಂದರೆ ಹಿರಿಯರೆಲ್ಲ. ಒಂದು ಕೊಂಬು ಎಳೆದರೆ ಒಬ್ಬರಿದ್ದವರು ಹಲವರಾಗುತ್ತಾರೆ. ಹಳೇ ಪತ್ರಿಕೆಗಳಲ್ಲಿ ಈ ದೀರ್ಘದ ಗುರುತು ಹಾಕುವ ರೂಢಿ ಇರಲಿಲ್ಲ. ಮನೆಯಲ್ಲೇ ಕೇಳಿ ಬೆಳೆದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಶಾಲೆಯಲ್ಲಿ ಕಲಿಯುವ ಮಗುವಿಗೆ ಬೇಕು. ಬಾಯಿಂದ ಕಿವಿಗೆ ಬರಬೇಕಾದ್ದನ್ನು ಶಾಲೆಯಿಂದ ಕೊಡುವುದು ಎಷ್ಟು ಕಷ್ಟ ಎನ್ನುವುದು ಈ ಒಂದು ಗೆರೆಯಲ್ಲೇ ಗೊತ್ತಾಗುತ್ತದೆ.

ಆ ಶಾಲೆಗಳ ಪದ್ಧತಿ ಹೀಗೆ: ಶಿಶುವಿಹಾರದಿಂದ ನಾಲ್ಕನೇ ತರಗತಿಯವರೆಗೆ ಗಣಿತ, ವಿಜ್ಞಾನ ಎಲ್ಲವೂ ಹವಾಯಿಯಲ್ಲೇ. ಐದನೇ ತರಗತಿಯಿಂದ ದಿನಕ್ಕೆ ಸುಮಾರು ಒಂದು ಗಂಟೆ ಇಂಗ್ಲಿಷ್. ಈ ನಾಲ್ಕನೇ ತರಗತಿ, ಐದನೇ ತರಗತಿ ಎನ್ನುವುದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ತೊಂದರೆ

ಚಿಕ್ಕ ದ್ವೀಪಕ್ಕೆ ಬಂದ ಆ ತಾಯಿಯ ಮುಂದೆ ಮೂರು ದಾರಿ ಇತ್ತು. ಮಕ್ಕಳನ್ನು ಇಂಗ್ಲಿಷ್ ತರಗತಿಗೆ ಸೇರಿಸಿ ಸುಮ್ಮನಾಗುವುದು. ಮತ್ತೆ ಊರು ಬಿಡುವುದು. ಇಲ್ಲ, ಇಲ್ಲೇ ನಿಂತು ಕೇಳುವುದು. ಮೊದಲನೆಯದನ್ನು ಆರಿಸಿಕೊಂಡಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಆಕೆ ಮೂರನೆಯದನ್ನು ಆರಿಸಿಕೊಂಡರು.

ಇಲ್ಲಿ ಒಂದು ಅನುಕೂಲ ಇತ್ತು. ಹವಾಯಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಶಿಕ್ಷಣ ಇಲಾಖೆ. ಅಮೆರಿಕದ ಬೇರೆ ರಾಜ್ಯಗಳಂತೆ ಊರಿಗೊಂದು ಶಾಲಾ ಮಂಡಳಿ ಇಲ್ಲ. ಹಾಗಾಗಿ ಒಂದು ದ್ವೀಪದಲ್ಲಿ ಹವಾಯಿ ಮಾಧ್ಯಮ ಕೊಟ್ಟವರೂ ಅವರೇ, ಇನ್ನೊಂದು ದ್ವೀಪದಲ್ಲಿ ಕೊಡದವರೂ ಅವರೇ. ಹೊಣೆ ಯಾರದು ಎಂದು ಹುಡುಕುತ್ತಾ ಅಲೆಯಬೇಕಿರಲಿಲ್ಲ.

ಇಲಾಖೆಯೂ ಕೈಕಟ್ಟಿ ಕೂತಿರಲಿಲ್ಲ. ಹುದ್ದೆಗೆ ಅರ್ಹರನ್ನು ಹುಡುಕಿತು, ಸಿಗಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ತೊಂದರೆ ನಿಜವಾದದ್ದು. ಹವಾಯಿ ಭಾಷೆಯಲ್ಲಿ ಗಣಿತ ಹೇಳಿಕೊಡಬಲ್ಲವರು, ಅದಕ್ಕೆ ಬೇಕಾದ ಅರ್ಹತೆ ಇರುವವರು, ಅದರಲ್ಲೂ ಒಂದು ಚಿಕ್ಕ ದ್ವೀಪಕ್ಕೆ ಬಂದು ನೆಲೆಸಲು ತಯಾರಿರುವವರು, ಎಷ್ಟು ಜನ ಇದ್ದಾರು? ಶಾಲೆಯಲ್ಲಿ ಹವಾಯಿ ಸಂಸ್ಕೃತಿ, ಭಾಷೆಯ ಪಾಠ ಒಂದು ವಿಷಯವಾಗಿ ಹೇಗೂ ಇರುತ್ತದೆ. ಇಲಾಖೆಯ ವಾದದ ಸಾರ ಇದು: ಸಂವಿಧಾನ ಕೇಳಿದ್ದು ಒಂದು ಕಾರ್ಯಕ್ರಮ, ಅದು ಇದೆ. ಹವಾಯಿ ಮಾಧ್ಯಮವನ್ನೇ ಕೊಡಬೇಕು ಎಂದು ಸಂವಿಧಾನದಲ್ಲಿ ಎಲ್ಲಿ ಬರೆದಿದೆ?

ಇಡೀ ಪ್ರಕರಣ ಗಿರಕಿ ಹೊಡೆಯುವುದು ಈ ಪ್ರಶ್ನೆಯ ಸುತ್ತ. ಒಂದು ಭಾಷೆಯನ್ನು ಕಲಿಸುವುದು ಬೇರೆ, ಒಂದು ಭಾಷೆಯಲ್ಲಿ ಕಲಿಸುವುದು ಬೇರೆ. ವಾರಕ್ಕೆ ಕೆಲವು ಪೀರಿಯಡ್ ಹಾಡು, ಹೂವಿನ ಹೆಸರು, ಬಣ್ಣದ ಹೆಸರು ಕಲಿತ ಮಗು ಆ ಭಾಷೆಯನ್ನು ಗೌರವಿಸುತ್ತದೆ. ಆದರೆ ತಮ್ಮನ ಜೊತೆ ಜಗಳ ಆಡುವಾಗ ಆ ಭಾಷೆ ಬಾಯಿಗೆ ಬರುವುದಿಲ್ಲ. ಭಾಗಾಕಾರದ ಲೆಕ್ಕವನ್ನೂ, ಬಿದ್ದು ಮಂಡಿ ತರಚಿದ ನೋವನ್ನೂ ಅದೇ ಮಾತಿನಲ್ಲಿ ಹೇಳಿದ ಮಗುವಿಗೆ ಬರುತ್ತದೆ.

ಏನೇನು ಪ್ರಯತ್ನ ನಡೆಯಿತು

ಕೋರ್ಟಿನ ದಾರಿ ಹೊಸದೇನಲ್ಲ. 1990ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮೂಲನಿವಾಸಿ ಭಾಷೆಗಳನ್ನು ಕಾಪಾಡುವ ಕಾಯ್ದೆ ತಂದಿತ್ತು. ಹವಾಯಿ ಜನರ ಹಿತ ನೋಡಿಕೊಳ್ಳುವ ರಾಜ್ಯದ ಕಚೇರಿಯೊಂದು ಆ ಕಾಯ್ದೆಯನ್ನು ಹಿಡಿದು, ಅದೇ ರಾಜ್ಯದ ಶಿಕ್ಷಣ ಇಲಾಖೆಯ ಮೇಲೆ ದಾವೆ ಹೂಡಿತು. 1996ರಲ್ಲಿ ಕೇಂದ್ರದ ಕೋರ್ಟ್ ಹೇಳಿತು: ಈ ಕಾಯ್ದೆ ರಾಜ್ಯಗಳ ಮೇಲೆ ಇಂಥದ್ದನ್ನು ಮಾಡಲೇಬೇಕು ಎಂಬ ಹೊಣೆಯನ್ನೇನೂ ಹೊರಿಸುವುದಿಲ್ಲ. ಕಾಯ್ದೆ ಬರೆದಾಗ ಖುಷಿಪಟ್ಟವರಿಗೆ ಇದು ದೊಡ್ಡ ಪಾಠ. ಪ್ರೋತ್ಸಾಹಿಸುತ್ತೇವೆ, ಗೌರವಿಸುತ್ತೇವೆ ಎಂಬ ಕ್ರಿಯಾಪದಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ.

ಆದ್ದರಿಂದ ನಮ್ಮ ತಾಯಿಯ ಪರ ವಕೀಲರು ರಾಜ್ಯದ ಸಂವಿಧಾನವನ್ನೇ ಆಧಾರ ಮಾಡಿಕೊಂಡರು. ಇದು ಪ್ರಕರಣದ ಮೊದಲ ತಿರುವು ಎಂದು ನನ್ನ ಎಣಿಕೆ. ಕೆಳಗಿನ ಕೋರ್ಟಿನಲ್ಲಿ ಸೋಲಾಯಿತು. ಅಲ್ಲಿನ ತೀರ್ಮಾನ ಸರ್ಕಾರದ ಪರ ಬಂತು. ಆಕೆ ಬಿಡಲಿಲ್ಲ, ಮೇಲ್ಮನವಿ ಹೋಯಿತು.

ಈ ಮೇಲ್ಮನವಿ ಇತ್ಯರ್ಥವಾಗುವ ಮುಂಚೆಯೇ, 2018ರ ಜನವರಿಯಲ್ಲಿ, ಬೇರೊಂದು ಘಟನೆ ನಡೆಯಿತು. ಮೌಯಿ ದ್ವೀಪದ ಕೋರ್ಟಿನಲ್ಲಿ, ಪ್ರತಿಭಟನೆಯ ಕೇಸೊಂದರಲ್ಲಿ, ಒಬ್ಬ ಹವಾಯಿ ಭಾಷೆಯ ಅಧ್ಯಾಪಕರು ಹಾಜರಾದರು. ಜಡ್ಜ್ ಹೆಸರು ಕೇಳಿದರು. ಅವರು ಹವಾಯಿಯಲ್ಲಿ ಉತ್ತರ ಕೊಟ್ಟರು. ಅವರು ಕಣ್ಣೆದುರೇ ನಿಂತಿದ್ದರು, ಮಾತಾಡುತ್ತಿದ್ದರು. ಆದರೂ ಗುರುತು ಸಿಗಲಿಲ್ಲವೆಂದು ಅವರ ಮೇಲೆ ವಾರಂಟ್ ಹೊರಟಿತು. ಆಡಿದ ಭಾಷೆ ಆ ರಾಜ್ಯದ ಎರಡು ಅಧಿಕೃತ ಭಾಷೆಗಳಲ್ಲಿ ಒಂದು. ಜನ ಸಿಟ್ಟಾದರು. ಮರುದಿನವೇ ವಾರಂಟ್ ವಾಪಸ್ ಆಯಿತು. ಹವಾಯಿಯಲ್ಲಿ ಮಾತಾಡಲು ಬಯಸುವವರಿಗೆ ಸಾಧ್ಯವಾದ ಮಟ್ಟಿಗೆ ದುಭಾಷಿಗಳನ್ನು ಒದಗಿಸುವುದಾಗಿ ಕೋರ್ಟ್ ವ್ಯವಸ್ಥೆ ಪ್ರಕಟಿಸಿತು. ಆ ಒಂದು ದಿನದಲ್ಲಿ ಆದದ್ದು 1978ರಿಂದ 40 ವರ್ಷ ಆಗಿರಲಿಲ್ಲ, ಅಲ್ವಾ? ಸಂವಿಧಾನದಲ್ಲಿ ಸೇರಿಸಿದ್ದ ಆ ಷರತ್ತು ಎಷ್ಟು ದುಬಾರಿ ಎಂದು ನನಗೆ ಮನದಟ್ಟಾಗಿದ್ದು ಈ ಘಟನೆ ಓದಿದಾಗ.

ತೀರ್ಪು

2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ 1978ರ ಸಂವಿಧಾನ ಸಭೆಯ ಕಡತಗಳನ್ನು ತೆರೆದು ನೋಡಿತು. ಆ ಸಾಲು ಬರೆದವರ ಮನಸ್ಸಿನಲ್ಲಿ ಏನಿತ್ತು? ಭಾಷೆಯನ್ನು ಬರೀ ಪರಿಚಯ ಮಾಡಿಸುವುದು ಅವರ ಉದ್ದೇಶ ಆಗಿರಲಿಲ್ಲ, ಅದಕ್ಕೆ ಮತ್ತೆ ಜೀವ ಕೊಡುವುದಾಗಿತ್ತು ಎಂದು ಕೋರ್ಟ್ ಕಂಡುಕೊಂಡಿತು. ಹಾಗಾದರೆ ಭಾಷೆ ಮತ್ತೆ ಜೀವ ಪಡೆಯುವುದು ಹೇಗೆ? ತಜ್ಞರು ಹೇಳಿದ್ದು, ಈಗಿನ ಸ್ಥಿತಿಯಲ್ಲಿ ಹವಾಯಿ ಮಾಧ್ಯಮ ಇಲ್ಲದೆ ಆಗದು ಎಂದು. ಈ ಎರಡನ್ನೂ ಜೋಡಿಸಿ ಕೋರ್ಟ್ ತೀರ್ಮಾನಕ್ಕೆ ಬಂತು: ಹವಾಯಿ ಮಾಧ್ಯಮದ ಶಿಕ್ಷಣ ಮಕ್ಕಳಿಗೆ ಸಿಗುವಂತೆ ಮಾಡಲು ಸರ್ಕಾರ ತನ್ನ ಕೈಲಾದ ಎಲ್ಲ ಸಮಂಜಸ ಪ್ರಯತ್ನ ಮಾಡಲೇಬೇಕು. ಅದು ಸಂವಿಧಾನ ಹೊರಿಸಿದ ಹೊಣೆ.

ಕೆಳಗಿನ ಕೋರ್ಟಿನ ಆದೇಶ ಬಿದ್ದುಹೋಯಿತು. ಇಲಾಖೆ ಅಂಥ ಎಲ್ಲ ಪ್ರಯತ್ನ ಮಾಡಿದೆಯೋ ಇಲ್ಲವೋ ಎಂದು ನೋಡಲು ಕೇಸು ವಾಪಸ್ ಹೋಯಿತು.

ಸಮಂಜಸ ಎಂಬ ಪದದ ಬಗ್ಗೆ ಕೆಲವರಿಗೆ ಅತೃಪ್ತಿ ಇರಬಹುದು. ನನಗೆ ಅದು ಸರಿಯಾದ ಪದ ಎನಿಸುತ್ತದೆ. ಎಲ್ಲ ಊರಿನ ಎಲ್ಲ ಶಾಲೆಯಲ್ಲೂ ನಾಳೆಯೇ ತರಗತಿ ತೆರೆಯಿರಿ ಎಂದಿದ್ದರೆ ಆ ಆದೇಶ ಕಾಗದದಲ್ಲೇ ಉಳಿಯುತ್ತಿತ್ತು. ಈ ತೀರ್ಪಿನಿಂದ ವಿವರಣೆ ಕೊಡುವ ಭಾರ ಯಾರ ಮೇಲಿದೆ ಎನ್ನುವುದು ಬದಲಾಯಿತು. ಮೊದಲು ನನಗೆ ಯಾಕೆ ಬೇಕು ಎಂದು ತಾಯಿ ವಿವರಿಸಬೇಕಿತ್ತು. ಈಗ, ಕೊಡಲು ನಾವು ಏನೇನು ಮಾಡಿದ್ದೇವೆ ಎಂದು ಇಲಾಖೆ ವಿವರಿಸಬೇಕು. ಟೀಚರ್ ಸಿಗಲಿಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಎಷ್ಟು ಸಂಬಳ ಕೊಡುತ್ತೇವೆಂದು ಕರೆದಿರಿ? ಇರಲು ಮನೆ ಕೊಟ್ಟಿರಾ? ಇಬ್ಬರು ಹಂಚಿಕೊಂಡು ಪಾಠ ಮಾಡಬಹುದಿತ್ತೇ?

ಆಮೇಲಿನ ಬೆಳವಣಿಗೆಗಳಲ್ಲಿ ಎರಡನ್ನು ಹೇಳಬೇಕು. ಟೀಚರುಗಳ ಕೊರತೆ ತೀರಾ ಜಾಸ್ತಿ ಇದ್ದ ಹುದ್ದೆಗಳಿಗೆ ಹೆಚ್ಚುವರಿ ಸಂಬಳ ಕೊಡುವ ಪದ್ಧತಿ 2020ರ ಜನವರಿಯಿಂದ ಬಂತು. ಹವಾಯಿ ಮಾಧ್ಯಮದ ಟೀಚರುಗಳಿಗೆ ವರ್ಷಕ್ಕೆ 8,000 ಡಾಲರ್ ಹೆಚ್ಚು. ತೀರ್ಪಿನಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ಅದು ವಿಶೇಷ ಮಕ್ಕಳ ಟೀಚರುಗಳಿಗೂ, ದೂರದ ಶಾಲೆಗಳಿಗೂ ಸೇರಿಸಿ ಮಾಡಿದ ಯೋಜನೆ. 2022ರಲ್ಲಿ ರಾಜ್ಯದ ಶಾಸನಸಭೆ, 1896ರಿಂದ 1986ರವರೆಗೆ ಶಾಲೆಗಳಲ್ಲಿ ಹವಾಯಿ ಭಾಷೆಗೆ ಜಾಗವಿಲ್ಲದಂತೆ ಮಾಡಿದ್ದಕ್ಕೆ ಹವಾಯಿ ಜನರಲ್ಲಿ ಕ್ಷಮೆ ಕೇಳುವ ನಿರ್ಣಯ ತೆಗೆದುಕೊಂಡಿತು.

ಇದರಿಂದ ನಾನು ಕಲಿತದ್ದು

ಸರ್ಕಾರದ ನೆರವು ಕೆಲಸ ಮಾಡಿದೆ, ಅದರಲ್ಲಿ ಅನುಮಾನ ಬೇಡ. 50 ಮಕ್ಕಳೂ ಇಲ್ಲದ ಸ್ಥಿತಿಯಿಂದ ಹೊರಟ ಭಾಷೆಯನ್ನು ಈಗ ಮನೆಯಲ್ಲಿ ಆಡುತ್ತೇವೆ ಎಂದು ಹೇಳಿಕೊಂಡವರು 18,000ಕ್ಕೂ ಹೆಚ್ಚು ಎಂದು 2016ರಲ್ಲಿ ರಾಜ್ಯ ಪ್ರಕಟಿಸಿದ ಲೆಕ್ಕ ಹೇಳಿತು. 1999ರಲ್ಲಿ ಹವಾಯಿ ಮಾಧ್ಯಮದಲ್ಲೇ ಹೈಸ್ಕೂಲು ಮುಗಿಸಿದ ಮೊದಲ ತಂಡ ಹೊರಬಂತು. ಹೀಲೊದ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಹವಾಯಿ ಭಾಷೆಗೇ ಒಂದು ಕಾಲೇಜು ಸ್ಥಾಪನೆಯಾಯಿತು. ಅಲ್ಲಿ ಈಗ ಡಾಕ್ಟರೇಟ್‌ವರೆಗೂ ಓದಬಹುದು.

ಆದರೆ ಈ ನೆರವಿನ ಕ್ರಮವನ್ನು ನೋಡಿ. ಶಿಶುವಿಹಾರ ತಂದೆತಾಯಂದಿರು ಶುರುಮಾಡಿದರು, ಆಮೇಲೆ ಕಾನೂನು ಬದಲಾಯಿತು. ಪುಸ್ತಕಕ್ಕೆ ಕಾಗದದ ಚೂರು ಅವರು ಅಂಟಿಸಿದರು, ಆಮೇಲೆ ಮುದ್ರಣ ಬಂತು. ಕೋರ್ಟಿನಲ್ಲಿ ಒಬ್ಬರು ಹವಾಯಿಯಲ್ಲೇ ಮಾತಾಡಿದರು, ಆಮೇಲೆ ದುಭಾಷಿ ಬಂದರು. ಒಬ್ಬ ತಾಯಿ ಐದು ವರ್ಷ ಕೇಸು ನಡೆಸಿದರು, ಆಮೇಲೆ ಹೊಣೆ ಏನು ಎಂದು ಗೊತ್ತಾಯಿತು. ಪ್ರತಿ ಸಲ ಮನೆಯವರೇ ಮುಂದೆ, ಸರ್ಕಾರ ಹಿಂದೆ. ಶಕ್ತಿ ಇರುವ, ವಕೀಲರ ಬೆಂಬಲ ಸಿಗುವ ಮನೆಯವರಿಗೆ ಇದು ಸರಿ. ಸುಮ್ಮನೆ ಮಕ್ಕಳನ್ನು ಇಂಗ್ಲಿಷ್ ತರಗತಿಗೆ ಕಳಿಸಿದ ಮನೆಗಳು ಎಷ್ಟಿದ್ದವೋ, ಅವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಟೀಚರ್ ಕೊರತೆಯ ಬಗ್ಗೆಯೂ ಒಂದು ಮಾತು. ಅದು ಮಳೆ ಬಾರದ ಹಾಗೆ ಆಕಾಶದಿಂದ ಬಂದ ತೊಂದರೆ ಅಲ್ಲ. 90 ವರ್ಷ ಮಾತು ಕಲಿಯದಂತೆ ನೋಡಿಕೊಂಡ ಕಡೆ ಕಲಿಸುವವರು ಎಲ್ಲಿಂದ ಬರಬೇಕು? 2014ರಲ್ಲಿ ಆ ದ್ವೀಪಕ್ಕೆ ಬೇಕಿದ್ದ ಟೀಚರ್ 1990ರ ಹೊತ್ತಿಗೆ ಎಲ್ಲೋ ಒಂದು ಹವಾಯಿ ಮಾಧ್ಯಮದ ತರಗತಿಯಲ್ಲಿ ಕೂತಿರಬೇಕಿತ್ತು. ಆಗ ಅಂಥ ತರಗತಿಗಳೇ ಬೆರಳೆಣಿಕೆಯಷ್ಟು. ಇವತ್ತು ಒಂದು ದ್ವೀಪದಲ್ಲಿ ತರಗತಿ ತೆರೆಯದಿದ್ದರೆ, ಇನ್ನು 20 ವರ್ಷದ ಮೇಲೆ ಅಲ್ಲಿ ಸಿಗದೆ ಹೋಗುವ ಟೀಚರ್ ಯಾರು ಎಂದು ಈಗಲೇ ಹೇಳಿಬಿಡಬಹುದು.

ನನ್ನನ್ನು ಹೆಚ್ಚು ಕಾಡುವುದು ಸಮಯದ ಲೆಕ್ಕ. ಆಗ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಪೂರ್ತಿ ಹವಾಯಿಯಲ್ಲೇ ಕಲಿಯುವುದು ಶಿಶುವಿಹಾರದಿಂದ ನಾಲ್ಕನೇ ತರಗತಿಯವರೆಗೆ, ಅಂದರೆ ಐದು ವರ್ಷ. ಕೇಸು ನಡೆದದ್ದೂ ಹೆಚ್ಚುಕಡಿಮೆ ಐದು ವರ್ಷ. ದಾವೆ ಹೂಡಿದ ದಿನ ಶಿಶುವಿಹಾರಕ್ಕೆ ಸೇರಿದ ಮಗು, ತೀರ್ಪು ಬಂದ ತಿಂಗಳಲ್ಲಿ ಐದನೇ ತರಗತಿಗೆ ಚೀಲ ಹೊತ್ತುಕೊಂಡು ಹೋಗಿರುತ್ತದೆ. ಗೆದ್ದರೂ ಆ ಮಗುವಿಗೆ ಆ ವರ್ಷಗಳು ವಾಪಸ್ ಬರುವುದಿಲ್ಲ.

ಹಾಗಾಗಿ ಇಂಥ ನೀತಿಗಳನ್ನು ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕರಡಿನಲ್ಲಿ ಒಂದು ಸಾಲು ಹುಡುಕಿ ನೋಡಿ. ಮಗುವಿನ ಮನೆಯವರು ಅರ್ಜಿ ಕೊಟ್ಟ ದಿನದಿಂದ ಎಷ್ಟು ದಿನದೊಳಗೆ ತರಗತಿ ಶುರುವಾಗಬೇಕು, ಟೀಚರ್ ಸಿಗುವವರೆಗೆ ಆ ಮಗು ಯಾರ ಹತ್ತಿರ, ಯಾವ ಭಾಷೆಯಲ್ಲಿ ಕಲಿಯಬೇಕು? ಆ ಸಾಲು ಅಲ್ಲಿಲ್ಲದಿದ್ದರೆ ದಯವಿಟ್ಟು ಸೇರಿಸಿ, ದಿನದ ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಿರಿ.